ಕಲ್ಕತ್ತಕ್ಕೆ ಎರಡು ಹಾದಿ

ಮುಂಬೈಯಿಂದ ಹೌರಾಕ್ಕೆ ಹೋಗುವ ರೈಲುಗಳಿಗೆ ಮುಖ್ಯವಾಗಿ ಎರಡು ಹಾದಿಗಳಿವೆ. ಭುಸಾವಳದವರೆಗೆ ಎರಡೂ ಒಂದೇ. ಅಲ್ಲಿ ಕವಲೊಡೆದು ಒಂದು ಇಟಾರ್ಸಿ, ಜಬಲ್‌ಪುರ, ಅಲಹಾಬಾದ್ ಹಿಡಿದು ಹೋಗುತ್ತದೆ. ಇನ್ನೊಂದು ನಾಗಪುರ ದಾಟಿ, ಕಾಮ್ಠಿಯ ಆಚೆ ಹರಿಯುವ ಕನ್ಹಾನ್ ನದಿಯನ್ನು ಹಾಯ್ದು, ಗೊಂದಿಯಾ, ಬಿಲಾಸ್‌ಪುರ, ಖರಗ್‌ಪುರದ ಮೇಲೆ ಸಾಗುತ್ತದೆ. ಈಗ ಎರಡೂ ಭಾರತೀಯ ರೈಲ್ವೆಯವೇ. ಆದರೆ ಹಿಂದೆ ಇವು ಬೇರೆ ಬೇರೆ ಕಂಪನಿಗಳ ಹಾದಿಗಳಾಗಿದ್ದವು, ಒಂದೇ ಪ್ರಯಾಣಿಕನಿಗಾಗಿ ಎರಡೂ ಕಾದಿದ್ದವು.

ಮೊದಲು ತೆರೆದದ್ದು ಉತ್ತರದ ಹಾದಿ. ಈಸ್ಟ್ ಇಂಡಿಯನ್ ರೈಲ್ವೆ ಹೌರಾದಿಂದ ಅಲಹಾಬಾದಿಗೆ ಬಂದು, 1867ರಲ್ಲಿ ಜಬಲ್‌ಪುರ ಮುಟ್ಟಿತ್ತು. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಅಂದರೆ ಜಿ.ಐ.ಪಿ., 1870ರ ಮಾರ್ಚಿನಲ್ಲಿ ಅದನ್ನು ಕೂಡಿಕೊಂಡಿತು. ಮುಂದಿನ ಮೂವತ್ತು ವರ್ಷ ಈ ಜೋಡಿಗೆ ಎದುರಾಳಿಯೇ ಇರಲಿಲ್ಲ. 1896ರಲ್ಲಿ ದಕ್ಷಿಣ ಆಫ್ರಿಕದಿಂದ ಕಲ್ಕತ್ತಕ್ಕೆ ಬಂದಿಳಿದ ಗಾಂಧೀಜಿ ಮುಂಬೈಗೆ ಹೊರಟದ್ದೂ ಇದೇ ಹಾದಿಯಲ್ಲಿ. ಅಲಹಾಬಾದಿನಲ್ಲಿ ಗಾಡಿ 45 ನಿಮಿಷ ನಿಲ್ಲುತ್ತದೆಂದು ಊರು ನೋಡಲು ಹೋದ ಅವರು ಮರಳುವಷ್ಟರಲ್ಲಿ ಅದು ಹೊರಟುಹೋಗಿತ್ತು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಕನ್ಹಾನ್ ದಾಟುವ ಹಾದಿ ಹುಟ್ಟಿದ್ದು ದೂರಪ್ರಯಾಣಕ್ಕಾಗಿ ಅಲ್ಲ, ಧಾನ್ಯಕ್ಕಾಗಿ. ಜಿ.ಐ.ಪಿ. 1867ರಲ್ಲೇ ನಾಗಪುರ ತಲುಪಿ ಅಲ್ಲಿಗೇ ನಿಂತಿತ್ತು. ಛತ್ತೀಸಗಡದ ಭತ್ತವನ್ನು ಬರಗಾಲದಲ್ಲಿ ಹೊರಗೆ ಸಾಗಿಸಲು ದಾರಿಯಿರಲಿಲ್ಲ. ಅದಕ್ಕಾಗಿ ಸರ್ಕಾರ ನಾಗಪುರದಿಂದ ರಾಜನಾಂದಗಾಂವ್‌ವರೆಗೆ ಮೀಟರ್ ಗೇಜ್ ಹಳಿ ಹಾಕಿಸಿತು. 1882ರ ಹೊತ್ತಿಗೆ ಕೆಲಸ ಮುಗಿಯಿತು. 1887ರಲ್ಲಿ ಹುಟ್ಟಿದ ಬೆಂಗಾಲ್ ನಾಗಪುರ ರೈಲ್ವೆ, ಅಂದರೆ ಬಿ.ಎನ್.ಆರ್., ಈ ಹಳಿಯನ್ನು ಕೊಂಡು ಬ್ರಾಡ್ ಗೇಜ್‌ಗೆ ಬದಲಿಸಿ, 1891ರಲ್ಲಿ ಅಸನ್ಸೋಲ್ ತಲುಪಿತು. ತೊಡಕು ಇದ್ದದ್ದು ಅಲ್ಲೇ. ಅಸನ್ಸೋಲ್‌ನಿಂದ ಹೌರಾಕ್ಕಿದ್ದ ಹಳಿ ಎದುರಾಳಿಯಾದ ಈಸ್ಟ್ ಇಂಡಿಯನ್‌ನದು. ಬೇರೊಬ್ಬರ ಬಾಗಿಲಿನ ಮೂಲಕವೇ ಮನೆ ಸೇರಬೇಕಾದವರು ಪೈಪೋಟಿಗೆ ಇಳಿಯುವುದು ಹೇಗೆ? ಖರಗ್‌ಪುರದ ಮೇಲೆ ಸ್ವಂತ ಹಳಿ ಹಾಕಿ, ರೂಪನಾರಾಯಣ ನದಿಗೆ ಸೇತುವೆ ಕಟ್ಟಿ, 1900ರ ಏಪ್ರಿಲ್‌ನಲ್ಲಿ ಹೌರಾ ಸೇರಿದ ಮೇಲೆಯೇ ಬಿ.ಎನ್.ಆರ್. ನಿಜವಾದ ಸ್ಪರ್ಧಿಯಾಯಿತು. ಕೊನೆಯ ನಿಲ್ದಾಣವನ್ನು ಮಾತ್ರ ಎರಡು ಕಂಪನಿಗಳೂ ಹಂಚಿಕೊಳ್ಳಬೇಕಾಯಿತು. ಇಕ್ಕಟ್ಟು ಹೆಚ್ಚಿದ್ದರಿಂದ ಹೌರಾದ ಈಗಿನ ಕಟ್ಟಡ ಎದ್ದಿತು. ಅದು ತೆರೆದದ್ದು 1905ರಲ್ಲಿ.

ದೂರದ ಲೆಕ್ಕದಲ್ಲಿ ಬಿ.ಎನ್.ಆರ್. ಗೆದ್ದಿತ್ತು. ನಾಗಪುರದ ಮೇಲೆ ಹೋದರೆ 1,968 ಕಿಲೋಮೀಟರ್. ಅಲಹಾಬಾದಿನ ಹಾದಿ ಅದಕ್ಕಿಂತ ಸುಮಾರು 200 ಕಿಲೋಮೀಟರ್ ಉದ್ದ. ಆದರೂ ಪ್ರತಿಷ್ಠೆ ಬಹುಕಾಲ ಉತ್ತರದ ಹಾದಿಯಲ್ಲೇ ಉಳಿಯಿತು. ಇಂಗ್ಲೆಂಡಿನ ಹಡಗು ಮುಂಬೈಗೆ ಬಂದಾಗ ಅಂಚೆಯನ್ನೂ ಸಾಹೇಬರನ್ನೂ ಒಯ್ಯುತ್ತಿದ್ದ ಇಂಪೀರಿಯಲ್ ಇಂಡಿಯನ್ ಮೇಲ್ ಆ ಕಡೆಯೇ ಓಡುತ್ತಿತ್ತು. ಕಾಶಿ, ಗಯಾ, ಪ್ರಯಾಗದ ಯಾತ್ರಿಕರೂ, ಗಂಗಾ ಬಯಲಿನ ದೊಡ್ಡ ಪಟ್ಟಣಗಳೂ ಈಸ್ಟ್ ಇಂಡಿಯನ್ ಪಾಲಿಗಿದ್ದವು. ಬಿ.ಎನ್.ಆರ್. ಪಾಲಿಗೆ ಬಂದದ್ದು ಕಾಡು, ಗುಡ್ಡ ಮತ್ತು ಅದಿರು. ಕನ್ಹಾನ್ ನಿಲ್ದಾಣದಿಂದ ಕವಲೊಡೆಯುವ ರಾಮ್‌ಟೇಕ್ ದಾರಿಯ ಸುತ್ತ ಮ್ಯಾಂಗನೀಸ್ ಗಣಿಗಳು, ಪೂರ್ವಕ್ಕೆ ಕಲ್ಲಿದ್ದಲು, ಕಾಳಿಮಾಟಿಯಲ್ಲಿ ಟಾಟಾ ಉಕ್ಕಿನ ಕಾರ್ಖಾನೆ. ಆ ನಿಲ್ದಾಣವೇ ಮುಂದೆ ಟಾಟಾನಗರ ಎನಿಸಿತು. ಕಂಪನಿಯ ಹೆಮ್ಮೆಯೂ ಸರಕಿನ ಗಾಡಿಗಳಲ್ಲೇ ಇತ್ತು. ಏರುಗಳಲ್ಲಿ ಭಾರ ಎಳೆಯಲು 1929ರಿಂದ ತರಿಸಿಕೊಂಡ ಗ್ಯಾರಟ್ ಉಗಿ ಎಂಜಿನ್‌ಗಳು ಭಾರತದ ಅತಿ ದೊಡ್ಡ ಎಂಜಿನ್‌ಗಳಲ್ಲಿ ಸೇರಿವೆ. ಒಂದನ್ನು ದಿಲ್ಲಿಯ ರೈಲು ಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ಈ ಪೈಪೋಟಿಯ ಕೀಲಿ ಮೂರನೆಯವರ ಕೈಯಲ್ಲಿತ್ತು. ಯಾವ ಹಾದಿ ಹಿಡಿದರೂ ಮುಂಬೈ ಕಡೆಯ ತುಂಡು ಜಿ.ಐ.ಪಿ.ಯದೇ. ಒಂದೇ ಟಿಕೆಟಿನ ಹಣವನ್ನು ಕಂಪನಿಗಳು ಸಾಮಾನ್ಯವಾಗಿ ತಮ್ಮ ತಮ್ಮ ಹಳಿಯ ಉದ್ದಕ್ಕೆ ತಕ್ಕಂತೆ ಹಂಚಿಕೊಳ್ಳುತ್ತಿದ್ದವು. ಮುಂಬೈಯಿಂದ ನಾಗಪುರಕ್ಕೆ 837 ಕಿಲೋಮೀಟರ್, ಜಬಲ್‌ಪುರಕ್ಕೆ ಸುಮಾರು 990. ಉದ್ದದ ಹಾದಿಯಲ್ಲಿ ಜಿ.ಐ.ಪಿ.ಗೆ ಹೆಚ್ಚು ಮೈಲಿ ಸಿಗುತ್ತಿತ್ತು. ಪ್ರಯಾಣಿಕನಿಗೆ ಹತ್ತಿರವಾದದ್ದು ಕಂಪನಿಗೆ ಲಾಭದ್ದಾಗಿರಲೇಬೇಕೆಂದಿರಲಿಲ್ಲ. ಸ್ಪರ್ಧೆಯ ಸುಖ ಸಿಕ್ಕಿದ್ದೂ ಮೇಲ್ದರ್ಜೆಯವರಿಗೆ. ಪ್ರಯಾಣಿಕರಿಂದ ಬರುತ್ತಿದ್ದ ಆದಾಯದ ದೊಡ್ಡ ಪಾಲು ಕೊಡುತ್ತಿದ್ದ ಮೂರನೇ ದರ್ಜೆಯ ಜನ ಯಾವ ಕಂಪನಿಯ ಗಾಡಿ ಹತ್ತಿದರೂ ನೂಕುನುಗ್ಗಲು ಒಂದೇ, ಕೊಳಕೂ ಒಂದೇ. 1917ರಲ್ಲಿ ಗಾಂಧೀಜಿ ಮೂರನೇ ದರ್ಜೆಯ ಪಾಡನ್ನು ಕುರಿತು ಬರೆದದ್ದು ಇಡೀ ದೇಶದ ರೈಲುಗಳಿಗೆ ಅನ್ವಯಿಸುತ್ತಿತ್ತು.

ಕನ್ನಡ ನಾಡಿನಲ್ಲೂ ಇಂಥದೇ ಕಥೆಯಿದೆ. ಮುಂಬೈಯಿಂದ ಬಂದ ಜಿ.ಐ.ಪಿ. ಹಳಿಯೂ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಮುಂದೆ ಸದರ್ನ್ ಮರಾಠಾ ರೈಲ್ವೆ ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಮೀಟರ್ ಗೇಜ್ ಹಾಕಿದ ಮೇಲೆ ಬೆಂಗಳೂರು–ಮುಂಬೈ ನಡುವೆಯೂ ಎರಡು ಹಾದಿಗಳಾದವು. ಎರಡರಲ್ಲೂ ಗಾಡಿ ಬದಲಿಸಲೇಬೇಕಿತ್ತು: ಒಂದರಲ್ಲಿ ಪುಣೆಯಲ್ಲಿ, ಇನ್ನೊಂದರಲ್ಲಿ ಗುಂತಕಲ್ಲಿನಲ್ಲಿ. 1908ರಲ್ಲಿ ಮದ್ರಾಸ್ ಮತ್ತು ಸದರ್ನ್ ಮರಾಠಾ ಕಂಪನಿಗಳು ಒಂದಾಗಿ ಆ ಪೈಪೋಟಿ ಮುಗಿಯಿತು.

ಕಲ್ಕತ್ತದ ಹಾದಿಗಳಲ್ಲಿ ಪೈಪೋಟಿಯನ್ನು ಮುಗಿಸಿದ್ದು ಸರ್ಕಾರ. ಈಸ್ಟ್ ಇಂಡಿಯನ್ ಮತ್ತು ಜಿ.ಐ.ಪಿ. 1925ರಲ್ಲಿ, ಬಿ.ಎನ್.ಆರ್. 1944ರಲ್ಲಿ ಸರ್ಕಾರದ ವಶವಾದವು. ಹಳೆಯ ಕಂಪನಿಗಳ ಗಡಿಗಳು ಮಾತ್ರ ಅಳಿಯಲಿಲ್ಲ. ಮಧ್ಯ ರೈಲ್ವೆಗೆ ನಾಗಪುರ ಹೆಸರಿನ ವಿಭಾಗವಿದೆ, ಬಿಲಾಸ್‌ಪುರ ಕೇಂದ್ರವಾದ ಆಗ್ನೇಯ ಮಧ್ಯ ರೈಲ್ವೆಗೂ ಅದೇ ಹೆಸರಿನ ವಿಭಾಗವಿದೆ. ಕನ್ಹಾನ್ ನಿಲ್ದಾಣ ಎರಡನೆಯದಕ್ಕೆ ಸೇರಿದೆ. ಹೌರಾ–ಮುಂಬೈ ಮೇಲ್ ಹೆಸರಿನಲ್ಲಿ ನಾಗಪುರದ ಮೇಲೊಂದು, ಉತ್ತರದ ಹಾದಿಯಲ್ಲಿ ಗಯಾ ಮೇಲೊಂದು ಗಾಡಿ ಈಗಲೂ ಓಡುತ್ತವೆ. ನಾಗಪುರದ್ದು ಕೆಲವು ಗಂಟೆ ಬೇಗ ತಲುಪುತ್ತದೆ. 1977ರಲ್ಲಿ ದರ್ಜೆಭೇದವಿಲ್ಲದೆ ಆರಂಭವಾದ ಗೀತಾಂಜಲಿ ಎಕ್ಸ್‌ಪ್ರೆಸ್ಸನ್ನೂ ಈ ಹತ್ತಿರದ ಹಾದಿಯಲ್ಲೇ ಓಡಿಸಲಾಯಿತು.

ಒಂದೇ ಹಳಿಯ ಮೇಲೆ ಬೇರೆ ಬೇರೆ ಕಂಪನಿಗಳು ಗಾಡಿ ಓಡಿಸುವ ಇನ್ನೊಂದು ಬಗೆಯ ಪೈಪೋಟಿ ಯುರೋಪಿನಲ್ಲಿ ಬೆಳೆದಿದೆ. ಇಟಲಿಯಲ್ಲಿ 2012ರಿಂದ ಇಟಾಲೊ, ಸ್ಪೇನಿನಲ್ಲಿ 2021ರಿಂದ ಉಇಗೊ ಸರ್ಕಾರಿ ರೈಲುಗಳಿಗೆ ಎದುರಾಗಿ ಓಡುತ್ತಿವೆ. ಭಾರತದಲ್ಲಿ 2019ರಲ್ಲಿ ಲಖನೌ–ದಿಲ್ಲಿ ನಡುವೆ ತೇಜಸ್ ಎಕ್ಸ್‌ಪ್ರೆಸ್ ಓಡಿಸಲು ಹೊರಟ ಐ.ಆರ್.ಸಿ.ಟಿ.ಸಿ. ರೈಲ್ವೆಯದೇ ಸಂಸ್ಥೆ. 2020ರಲ್ಲಿ 151 ಗಾಡಿಗಳನ್ನು ಖಾಸಗಿಯವರಿಗೆ ವಹಿಸಲು ರೈಲ್ವೆ ಇಲಾಖೆ ಅರ್ಜಿ ಕರೆದರೂ, ಮರುವರ್ಷ ಬಿಡ್ ಹಾಕಿದವರು ತೀರ ಕಡಿಮೆ. ಯೋಜನೆ ಅಲ್ಲಿಗೇ ನಿಂತಿತು.