ಶನಿಯ ಹಿಮಚಂದ್ರನಲ್ಲಿ ಜೀವವುಂಟೆ?

ಶನಿಯ ಹೆಸರೆತ್ತಿದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಪಂಚಾಂಗದ ಕಡೆಗೆ ಕೈನೀಡುವುದುಂಟು. ಏಳೂವರೆ ವರ್ಷದ ಕಾಟವನ್ನು ಕುರಿತು ಇಲ್ಲಿ ನಾವು ಏನನ್ನೂ ಹೇಳಹೊರಟಿಲ್ಲ. ಆ ಗ್ರಹವನ್ನು ಸುತ್ತುವ ಅನೇಕ ಚಂದ್ರರಲ್ಲಿ ಚಿಕ್ಕದೊಂದರ ವೃತ್ತಾಂತವನ್ನು ಮಾತ್ರ ವಾಚಕರ ಮುಂದಿಡಬಯಸುತ್ತೇವೆ. ಭೂಮಿಯಲ್ಲದೆ ಬೇರೆಲ್ಲಿಯಾದರೂ ಜೀವಿಗಳುಂಟೆ ಎಂಬ ಹಳೆಯ ಪ್ರಶ್ನೆಗೆ ಉತ್ತರವನ್ನು ಅಲ್ಲಿ ಹುಡುಕಬೇಕೆನ್ನುವ ವಿದ್ವಾಂಸರು ಈಗ ಹಲವರಿದ್ದಾರೆ.

ಆ ಚಂದ್ರನ ಹೆಸರು ಎನ್ಸೆಲಾಡಸ್. ಇದು ಗ್ರೀಕರ ಪುರಾಣದ ಒಬ್ಬ ದೈತ್ಯನ ಹೆಸರು. ಆದರೆ ಹೆಸರಿಗೂ ಗಾತ್ರಕ್ಕೂ ಏನೂ ಸಂಬಂಧವಿಲ್ಲ. ಅದರ ವ್ಯಾಸವು ಸುಮಾರು 504 ಕಿಲೋಮೀಟರು. ಎಂದರೆ ನಮ್ಮ ಚಂದ್ರನ ವ್ಯಾಸದ ಏಳರಲ್ಲೊಂದು ಪಾಲು. ವಿಲಿಯಂ ಹರ್ಷಲನು 1789ರಲ್ಲಿ ಇದನ್ನು ಮೊದಲು ಕಂಡನು. ಅದರ ಮೈಯೆಲ್ಲ ಮಂಜುಗಡ್ಡೆ. ಶೈತ್ಯವು ಸೊನ್ನೆಗಿಂತ ಕೆಳಗೆ ಸುಮಾರು 200 ಡಿಗ್ರಿ. ಬಿಸಿಲೋ ನಮಗೆ ದೊರೆಯುವುದರ ನೂರರಲ್ಲೊಂದು ಪಾಲು. ಇಂತಹ ಕಡೆಯಲ್ಲಿ ಜೀವವನ್ನು ಹುಡುಕುವುದು ಬುದ್ಧಿವಂತರ ಕೆಲಸವೆಂದು ಬಹುಕಾಲ ಯಾರಿಗೂ ತೋರಲಿಲ್ಲ.

1997ರಲ್ಲಿ ಭೂಮಿಯನ್ನು ಬಿಟ್ಟ ಕ್ಯಾಸಿನಿ ಎಂಬ ನೌಕೆಯು ಏಳು ವರ್ಷ ಪಯಣ ಮಾಡಿ 2004ರಲ್ಲಿ ಶನಿಯನ್ನು ಸೇರಿತು. ಮರುವರ್ಷ ಎನ್ಸೆಲಾಡಸ್ಸಿನ ಸಮೀಪದಲ್ಲಿ ಹಾದುಹೋಗುವಾಗ, ಶನಿಯ ಕಾಂತಕ್ಷೇತ್ರವು ಈ ಸಣ್ಣ ಗೋಲದ ಬಳಿ ಬಾಗುತ್ತಿರುವುದನ್ನು ಅದರ ಕಾಂತಮಾಪಕವು ಗುರುತಿಸಿತು. ಸುತ್ತಲೂ ಏನೋ ಆವಿಯಿದ್ದಂತಿತ್ತು! ಇನ್ನೂ ಹತ್ತಿರ ಹೋಗಿ ನೋಡಲಾಗಿ, ದಕ್ಷಿಣ ಧ್ರುವದಲ್ಲಿ ಹುಲಿಯ ಮೈಯ ಪಟ್ಟೆಗಳಂತೆ ನಾಲ್ಕು ಉದ್ದನೆಯ ಬಿರುಕುಗಳು ಕಂಡವು. ಒಂದೊಂದರ ಉದ್ದವೂ ಸುಮಾರು 130 ಕಿಲೋಮೀಟರು. ಅವುಗಳೊಳಗಿಂದ ನೀರಾವಿಯೂ ಹಿಮದ ಕಣಗಳೂ ಕಾರಂಜಿಯಂತೆ ಆಕಾಶಕ್ಕೆ ಚಿಮ್ಮುತ್ತಿದ್ದವು. ಈ ಆವಿಯು 10,000 ಕಿಲೋಮೀಟರಿಗೆ ಸಮೀಪದ ದೂರದವರೆಗೆ ಹರಡುವುದೆಂದೂ, ಸೆಕೆಂಡಿಗೆ ಸುಮಾರು 300 ಲೀಟರು ನೀರು ಹೀಗೆ ಹೊರಬೀಳುವುದೆಂದೂ 2023ರಲ್ಲಿ ವೆಬ್ ದೂರದರ್ಶಕದಿಂದ ತಿಳಿದುಬಂದಿದೆ. ತನ್ನ ಮೈಯ ಇಪ್ಪತ್ತರಷ್ಟು ಉದ್ದದ ಉಸಿರನ್ನು ಬಿಡುವ ಚಂದ್ರನೆಂದರೆ, ದೈತ್ಯನ ಹೆಸರು ಅಷ್ಟೇನೂ ತಪ್ಪಲ್ಲವೆಂದು ನಮಗೆ ಈಗ ತೋರುತ್ತದೆ.

ಆ ಹಿಮಕಣಗಳಲ್ಲಿ ಉಪ್ಪಿತ್ತು. ಬೇರೆ ಯಾವ ಉಪ್ಪೂ ಅಲ್ಲ, ನಮ್ಮ ಅಡಿಗೆಯ ಉಪ್ಪೇ. ಅದರೊಡನೆ ಸೋಡಾದ ಜಾತಿಯ ಕ್ಷಾರವೂ ಇತ್ತು. ನೀರು ಬಹುಕಾಲ ಕಲ್ಲಿಗೆ ತಾಗಿ ನಿಂತಿದ್ದರಲ್ಲದೆ ಹೀಗಾಗದು. ಆದುದರಿಂದ ಮಂಜುಗಡ್ಡೆಯ ಕೆಳಗೆ ಸಮುದ್ರವಿರಬೇಕೆಂದು ಊಹಿಸಿದರು. ಆ ಚಂದ್ರನು ತಿರುಗುವಾಗ ಕೊಂಚ ತೂಗಾಡುವುದನ್ನು ಅಳೆದು ನೋಡಿ, ಹಿಮದ ಚಿಪ್ಪು ಒಳಗಿನ ಬಂಡೆಗೆ ಎಲ್ಲಿಯೂ ಅಂಟಿಕೊಂಡಿಲ್ಲವೆಂದೂ, ಸಮುದ್ರವು ಗೋಲದ ಸುತ್ತಲೂ ವ್ಯಾಪಿಸಿದೆಯೆಂದೂ 2015ರಲ್ಲಿ ತೀರ್ಮಾನಿಸಿದರು.

ಅಷ್ಟು ಶೈತ್ಯದಲ್ಲಿ ನೀರು ಹೆಪ್ಪುಗಟ್ಟದೆ ಉಳಿದುದು ಹೇಗೆ? ಕಬ್ಬಿಣದ ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಾಗಿಸಿದರೆ ಬಾಗಿದೆಡೆಯಲ್ಲಿ ಅದು ಬಿಸಿಯಾಗುವುದನ್ನು ವಾಚಕರು ಬಲ್ಲರು. ಎನ್ಸೆಲಾಡಸ್ಸು 33 ಗಂಟೆಗಳಿಗೊಮ್ಮೆ ಶನಿಯನ್ನು ಸುತ್ತುತ್ತದೆ. ಡಯೋನೆ ಎಂಬ ಮತ್ತೊಂದು ಚಂದ್ರನ ಸೆಳೆತದಿಂದ ಅದರ ದಾರಿಯು ಸರಿಯಾದ ವೃತ್ತವಾಗದೆ ಕೊಂಚ ನೀಳವಾಗಿಯೇ ಉಳಿದಿದೆ. ಹೀಗಾಗಿ ಅದು ಒಮ್ಮೆ ಶನಿಗೆ ಹತ್ತಿರ, ಒಮ್ಮೆ ದೂರ. ಒಮ್ಮೆ ಹೆಚ್ಚು ಸೆಳೆತ, ಒಮ್ಮೆ ಕಡಮೆ. ಸದಾ ನಡೆಯುವ ಈ ಹಿಸುಕಾಟವೇ ಅದರ ಒಲೆ. ನಾವು ಅಂಜುವ ಶನಿಯೇ ಅಲ್ಲಿ ನೀರು ಕಾಯಿಸುತ್ತಿದ್ದಾನೆ!

ಬಿಸಿಲಿಲ್ಲದೆ ಜೀವವಿಲ್ಲವೆಂಬುದು ಹಿಂದಿನ ನಂಬಿಕೆ. 1977ರಲ್ಲಿ ಗಲಪಗಸ್ ದ್ವೀಪಗಳ ಬಳಿ, ಸುಮಾರು ಎರಡೂವರೆ ಕಿಲೋಮೀಟರು ಆಳದ ಕಡಲತಳದಲ್ಲಿ ಬಿಸಿನೀರಿನ ಬುಗ್ಗೆಗಳು ಕಂಡುಬಂದುವು. ಅವುಗಳ ಸುತ್ತ ಬೆಳಕಿನ ಒಂದು ಕಿರಣವೂ ಕಾಣದ ಹುಳುಗಳೂ ಚಿಪ್ಪಿನ ಪ್ರಾಣಿಗಳೂ ಗುಂಪುಗುಂಪಾಗಿ ಬಾಳುತ್ತಿದ್ದವು. ಅಲ್ಲಿಯ ಸೂಕ್ಷ್ಮಜೀವಿಗಳು ಬೆಳಕಿಗೆ ಬದಲಾಗಿ ನೀರಿನಲ್ಲಿ ಕರಗಿದ ರಾಸಾಯನಿಕಗಳಿಂದಲೇ ಅನ್ನ ಮಾಡಿಕೊಳ್ಳುವುದನ್ನು ಕಂಡಮೇಲೆ ಹಳೆಯ ನಂಬಿಕೆಯನ್ನು ಬಿಡಬೇಕಾಯಿತು. ಎನ್ಸೆಲಾಡಸ್ಸಿನ ಸಮುದ್ರದಲ್ಲಿಯೂ ಅಂತಹ ಬುಗ್ಗೆಗಳಿರುವಂತೆ ಕಾಣುತ್ತದೆ. ಬಿಸಿನೀರಿನಲ್ಲಿ ಮಾತ್ರ ಆಗತಕ್ಕ ಅತಿ ನುಣುಪಾದ ಮರಳಿನ ಕಣಗಳು ದೊರೆತಿವೆ. 2017ರಲ್ಲಿ ಜಲಜನಕವಿರುವುದೂ ಪ್ರಕಟವಾಯಿತು. ಜಲಜನಕವನ್ನೂ ಇಂಗಾಲಾಮ್ಲ ವಾಯುವನ್ನೂ ಕೂಡಿಸಿ, ಆ ಶಕ್ತಿಯಿಂದ ಬದುಕುವ ಜೀವಿಗಳು ಹಸುವಿನ ಹೊಟ್ಟೆಯಲ್ಲಿಯೂ ಗೋಬರ್ ಗ್ಯಾಸಿನ ತೊಟ್ಟಿಯಲ್ಲಿಯೂ ಇವೆ. ಅವು ಹೊರಬಿಡುವ ಮೀಥೇನ್ ವಾಯುವೂ ಆ ಕಾರಂಜಿಯಲ್ಲಿದೆ.

ಇಷ್ಟು ಕೇಳಿದ ಕೂಡಲೆ ಹಿಗ್ಗುವುದು ಸಹಜ. ಆದರೆ ಮೀಥೇನ್ ಬರಿಯ ಕಲ್ಲುನೀರಿನ ಸಂಬಂಧದಿಂದಲೂ ಹುಟ್ಟಬಲ್ಲದು. ಮತ್ತೂ ಒಂದು ಆಕ್ಷೇಪವುಂಟು. ಅದು ನಮಗೆ ಬಲವಾದುದೆಂದೇ ತೋರುತ್ತದೆ. ಎಲೆ ಹಾಕಿದೆ, ಅನ್ನ ಬಡಿಸಿದೆ. ಗಂಟೆಗಳು ಕಳೆದರೂ ಬಡಿಸಿದ ಅನ್ನವು ಹಾಗೆಯೇ ಇದ್ದರೆ ಮನೆಯಲ್ಲಿ ಉಣ್ಣುವವರಿಲ್ಲವೆಂದೇ ತಿಳಿಯಬೇಕಲ್ಲವೆ? ಜಲಜನಕವು ಅಷ್ಟು ಮಿಕ್ಕಿರುವುದು ಅದನ್ನು ತಿನ್ನುವ ಜೀವಿಗಳಿಲ್ಲವೆಂಬುದಕ್ಕೆ ಗುರುತಾಗಿರಬಹುದು. ಉಣ್ಣುವವರು ಕೆಲವರೇ ಇದ್ದು, ಬಡಿಸುವುದು ಬಹಳವಾಗಿರಲೂಬಹುದು. ಎರಡರಲ್ಲಿ ಯಾವುದು ನಿಜವೆಂದು ಹೇಳುವ ಉಪಕರಣವು ಕ್ಯಾಸಿನಿಯಲ್ಲಿರಲಿಲ್ಲ. ಅದನ್ನು ಕಟ್ಟುವಾಗ ಅಲ್ಲಿ ಕಾರಂಜಿಯಿರುವುದೇ ಯಾರಿಗೂ ತಿಳಿದಿರಲಿಲ್ಲ.

ಉಣ್ಣುವವರು ಇರಬಹುದೆಂಬ ಈ ಸಂದೇಹವೇ ಕ್ಯಾಸಿನಿಯ ಅಂತ್ಯವನ್ನೂ ನಿರ್ಣಯಿಸಿತು. ಅದರ ಇಂಧನವು ತೀರುತ್ತ ಬಂದಿತ್ತು. ಸುಮ್ಮನೆ ಬಿಟ್ಟರೆ ಎಂದಾದರೊಂದು ದಿನ ಅದು ಎನ್ಸೆಲಾಡಸ್ಸಿನ ಮೇಲೋ ಟೈಟನ್ನಿನ ಮೇಲೋ ಬೀಳುವ ಸಂಭವವಿತ್ತು. ನೌಕೆಯ ಮೈಯಲ್ಲಿ ಭೂಮಿಯ ಸೂಕ್ಷ್ಮಜೀವಿಗಳು ಅಡಗಿದ್ದರೆ? ಅದು ಹೊತ್ತಿದ್ದ ಪ್ಲುಟೋನಿಯಮ್ಮಿನ ಕಾವು ಹಿಮವನ್ನು ಕರಗಿಸಿ ಅವುಗಳನ್ನು ನೀರಿಗಿಳಿಸಿದರೆ? ಅಲ್ಲಿಯ ಜೀವಿಗಳಿಗೆ ಕೇಡಾದೀತು. ಕೇಡಾಗದಿದ್ದರೂ, ಮುಂದೆ ದೊರೆತ ಜೀವವು ಅಲ್ಲಿಯದೋ ನಾವೇ ಒಯ್ದದ್ದೋ ಎಂಬುದು ತಿಳಿಯದೆ ಹೋದೀತು. ಆದುದರಿಂದ 2017ರ ಸೆಪ್ಟೆಂಬರ್ 15ರಂದು ಅದನ್ನು ಶನಿಯ ವಾತಾವರಣದೊಳಕ್ಕೆ ನುಗ್ಗಿಸಿ ಸುಟ್ಟರು. ಇದೆಯೋ ಇಲ್ಲವೋ ತಿಳಿಯದ ಒಂದು ಜೀವಕ್ಕಾಗಿ, ಇಪ್ಪತ್ತು ವರ್ಷ ದುಡಿದ ನೌಕೆಯನ್ನು ಮನುಷ್ಯರು ಕೈಯಾರೆ ನಾಶಮಾಡಿದರೆಂಬುದು ನಮಗೆ ಹಿಮದ ಕಾರಂಜಿಗಿಂತಲೂ ಹೆಚ್ಚಿನ ಆಶ್ಚರ್ಯವಾಗಿದೆ. ತಮ್ಮ ತಮ್ಮಲ್ಲಿ ಇಷ್ಟು ಎಚ್ಚರಿಕೆಯಿಂದ ನಡೆದುಕೊಳ್ಳುವುದನ್ನು ನಾವು ಅಪರೂಪವಾಗಿ ಕಾಣುತ್ತೇವೆ.

ನೌಕೆ ಬೂದಿಯಾದರೂ ಅದು ಕಳುಹಿಸಿದ ಲೆಕ್ಕಪತ್ರಗಳು ಉಳಿದಿವೆ. ಅವುಗಳನ್ನು ಮತ್ತೆ ಶೋಧಿಸಿದಾಗ ಹಿಮಕಣಗಳಲ್ಲಿ ರಂಜಕದ ಲವಣಗಳಿರುವುದು 2023ರಲ್ಲಿ ಹೊರಬಿದ್ದಿತು. ರಂಜಕವು ನಮ್ಮ ಎಲುಬಿನಲ್ಲಿದೆ. ಪ್ರತಿಯೊಂದು ಜೀವಕಣಕ್ಕೂ ಅದು ಬೇಕು. ಅಲ್ಲಿಯವರೆಗೆ ಅದೊಂದೇ ದೊಡ್ಡ ಕೊರತೆಯೆಂದು ಹಲವರು ಎಣಿಸಿದ್ದರು.

ಯುರೋಪಿನ ಅಂತರಿಕ್ಷ ಸಂಸ್ಥೆಯ ತಜ್ಞರ ಮಂಡಲಿಯು 2024ರಲ್ಲಿ, ಮುಂದಿನ ದೊಡ್ಡ ನೌಕೆಯು ಹೋಗಲು ಎನ್ಸೆಲಾಡಸ್ಸೇ ಎಲ್ಲಕ್ಕಿಂತ ಯೋಗ್ಯವಾದ ಸ್ಥಳವೆಂದು ಅಭಿಪ್ರಾಯವಿತ್ತಿದೆ. ಅದು ಅಲ್ಲಿಗೆ ಮುಟ್ಟುವುದು 2050ರ ಬಳಿಕವೇ. ಈ ಪುಟವನ್ನು ತಾಯಿಯ ಮಗ್ಗುಲಲ್ಲಿ ಕುಳಿತು ಕೇಳುವ ಮಕ್ಕಳು ಆಗ ನಡುವಯಸ್ಸಿನವರಾಗಿರುವರು. ಹತ್ತಾರು ಕಿಲೋಮೀಟರು ದಪ್ಪದ ಹಿಮವನ್ನು ಕೊರೆಯುವ ಕಷ್ಟವು ಆ ನೌಕೆಗಿಲ್ಲ. ಸಮುದ್ರದ ನೀರು ತಾನಾಗಿಯೇ ಮೇಲೆದ್ದು, ಹೆಪ್ಪುಗಟ್ಟಿ, ಬಿರುಕುಗಳ ಇಕ್ಕೆಲದಲ್ಲಿಯೂ ಹಿಟ್ಟಿನಂತೆ ಉದುರುತ್ತಿರುತ್ತದೆ. ಇಳಿದು, ಹೊಸದಾಗಿ ಬಿದ್ದುದನ್ನು ಒಂದು ಹಿಡಿ ತುಂಬಿಕೊಂಡರೆ ಸಾಕು.