ಆಡುವವರಿಲ್ಲದ ಗಂಜೀಫಾ

ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮೈಸೂರಿನ ಗಂಜೀಫಾ ಇಂದು ಬಹುಮಟ್ಟಿಗೆ ಗೋಡೆಯ ಅಲಂಕಾರವಾಗಿ ಉಳಿದಿದೆ. ವೃತ್ತಾಕಾರದ ಆ ಎಲೆಗಳನ್ನು ಮೆಚ್ಚುವವರುಂಟು, ಕೊಳ್ಳುವವರೂ ಉಂಟು, ಆಡಬಲ್ಲವರು ವಿರಳ.

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಹಲವು ಬಗೆಯ ಗಂಜೀಫಾಗಳ ವಿವರಣೆಯಿದೆ. ಕೆಲವದರಲ್ಲಿ ಎಲೆಗಳ ಸಂಖ್ಯೆ 360ಕ್ಕೆ ಮುಟ್ಟುತ್ತದೆ. ಅಷ್ಟು ಜಟಿಲವಾದ ಆಟ ಅರಮನೆಯ ಹೊಸ್ತಿಲು ದಾಟದಿದ್ದುದು ಸಹಜವೇ.

ದಶಾವತಾರ ಗಂಜೀಫಾ ಅಷ್ಟು ಕಠಿಣವೇನಲ್ಲ. ಹತ್ತು ಅವತಾರಗಳಿಗೆ ಹತ್ತು ಬಣ್ಣ. ಪ್ರತಿ ಬಣ್ಣದಲ್ಲೂ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು. ಒಟ್ಟು 120, ಮೂವರು ಕುಳಿತರೆ ತಲಾ 40. ಹಗಲಲ್ಲಿ ರಾಮ, ಇರುಳಲ್ಲಿ ಕೃಷ್ಣ ಕೈಯಲ್ಲಿದ್ದವರು ಮೊದಲು ಆಡುವುದು ವಾಡಿಕೆ. ಬಿದ್ದ ಎಲೆಗಳನ್ನು ನೆನಪಿಟ್ಟವರಿಗೆ ಮೇಲುಗೈ.

ಅಂದರೆ ಬಳಗವೊಂದು ಆರಂಭವಾಗಲು ಮೂವರು ಸಾಕು. ಮೈಸೂರಿನ ಬಡಾವಣೆಯಲ್ಲಷ್ಟೇ ಏಕೆ, ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಕಟ್ಟೆಯ ಮೇಲೂ ಅದು ಸಾಧ್ಯ. ಅಡ್ಡಿಗಳು ಎರಡು. ಕೈಯಿಂದ ಚಿತ್ರಿಸಿದ ಎಲೆಗಳು ದುಬಾರಿ. ಬಳಸಿದರೆ ಸವೆಯುತ್ತವೆಂಬ ಅಳುಕು ಬೇರೆ. ಅಗ್ಗದ ಮುದ್ರಿತ ಕಟ್ಟು ಇದಕ್ಕೆ ಪರಿಹಾರ. ಎಲೆ ಹಿಡಿದವರೆಲ್ಲ ಜೂಜುಕೋರರೆಂಬ ಶಂಕೆ ಇನ್ನೊಂದು. ವಾರದಲ್ಲೊಂದು ಗೊತ್ತಾದ ದಿನ, ಎಲ್ಲರ ಕಣ್ಣಿಗೆ ಬೀಳುವ ಜಾಗ, ಪೈಸೆಯ ಪಣವೂ ಇಲ್ಲದ ಕಟ್ಟುಪಾಡು, ಮಹಿಳೆಯರಿಗೂ ಮಕ್ಕಳಿಗೂ ಸಮಾನ ಆಸನ: ಇಷ್ಟಿದ್ದರೆ ಆ ಶಂಕೆ ತಾನಾಗಿ ಕರಗೀತು.

ಮಾನ್ಯತೆಯ ಪತ್ರ ಚಿತ್ರಕಲೆಯನ್ನು ರಕ್ಷಿಸೀತು. ಆಟವನ್ನು ಉಳಿಸಬಲ್ಲವರು, ಹೊಸಬರಿಗೆ ಬೇಸರಿಸದೆ ಕಲಿಸುವ ಆಟಗಾರರು ಮಾತ್ರ.