ಸರ್ವರ್ ಕೈಕೊಡುವ ಮುನ್ನವೇ ಎಚ್ಚರ: ತಾಲ್ಲೂಕು ಪೇಟೆಗಳಿಗೂ ಬೇಕು ನೆಟ್‌ವರ್ಕ್ ಕಾವಲು

ಬೈಲಹೊಂಗಲ: 'ಸರ್ವರ್ ಡೌನ್ ಐತಿ, ನಾಳೆ ಬರ್ರಿ'. ಕಚೇರಿ, ಬ್ಯಾಂಕು, ಸಹಕಾರ ಸಂಘಗಳ ಕಿಟಕಿಯ ಮುಂದೆ ಸರತಿಯಲ್ಲಿ ನಿಂತವರಿಗೆ ಈ ಮಾತು ಹೊಸದಲ್ಲ. ನೇಸರಗಿಯಿಂದ ಬೈಲಹೊಂಗಲಕ್ಕೆ, ಮುನವಳ್ಳಿಯಿಂದ ಸವದತ್ತಿಗೆ, ಕಟಕೋಳದಿಂದ ರಾಮದುರ್ಗಕ್ಕೆ ಬಸ್ಸು ಹಿಡಿದು ಬಂದ ರೈತನ ಪಾಲಿಗೆ ಆ ಒಂದು ಮಾತಿನ ಬೆಲೆ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ಅಂಗಡಿಕಾರನ ಪಾಲಿಗೆ ಅದು ಕೈತಪ್ಪಿದ ವ್ಯಾಪಾರ.

ಪಹಣಿಯಿಂದ ಹಿಡಿದು ಸಾಲದ ಕಂತಿನವರೆಗೆ ಎಲ್ಲವೂ ಗಣಕಯಂತ್ರಕ್ಕೆ ಸೇರಿರುವ ಈ ಕಾಲದಲ್ಲಿ ನೆಟ್‌ವರ್ಕ್ ನಿಂತರೆ ವ್ಯವಹಾರವೇ ನಿಲ್ಲುತ್ತದೆ. ಆದರೂ ಸಣ್ಣ ಪಟ್ಟಣಗಳ ಬಹುತೇಕ ಸಂಸ್ಥೆಗಳಲ್ಲಿ ಕೆಟ್ಟ ಮೇಲೆ ತಂತ್ರಜ್ಞನನ್ನು ಕರೆಯುವುದೇ ರೂಢಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಹ ಈ ಪದ್ಧತಿಗೆ ಬದಲಾಗಿ, ಕೆಡುವ ಮುನ್ನವೇ ಸೂಚನೆ ಪಡೆಯುವ ವಿಧಾನವೊಂದಿದೆ. ಅದಕ್ಕೆ ಮುಂಜಾಗ್ರತಾ ನೆಟ್‌ವರ್ಕ್ ನಿಗಾ ಎನ್ನುತ್ತಾರೆ. ಅದರ ಜೊತೆಗಾರ, ಯಂತ್ರಗಳನ್ನು ತಾನಾಗಿಯೇ ಸಜ್ಜುಗೊಳಿಸುವ ಸ್ವಯಂಚಾಲಿತ ವ್ಯವಸ್ಥೆ.

ಶೇ 99 ಎಂದರೆ ಸಾಕೇ?

'ನಮ್ಮ ವ್ಯವಸ್ಥೆ ಶೇ 99ರಷ್ಟು ಸಮಯ ಚಾಲನೆಯಲ್ಲಿರುತ್ತದೆ' ಎಂಬ ಭರವಸೆ ಕೇಳಲು ಚೆನ್ನಾಗಿದೆ. ಆದರೆ ವರ್ಷಕ್ಕೆ 8,760 ಗಂಟೆ. ಅದರಲ್ಲಿ ಶೇ 1 ಎಂದರೆ 87 ಗಂಟೆಗೂ ಹೆಚ್ಚು, ಅಂದರೆ ಮೂರೂವರೆ ದಿನಕ್ಕಿಂತ ಅಧಿಕ. ಅದೇ ಶೇ 99.9 ಆದರೆ ನಿಲುಗಡೆ 9 ಗಂಟೆಯೊಳಗೆ ಇಳಿಯುತ್ತದೆ. ಆ ನಿಲುಗಡೆ ನಡುರಾತ್ರಿ ಬಂದರೆ ಯಾರಿಗೂ ತಿಳಿಯದು. ಸಂತೆಯ ದಿನ ಬೆಳಿಗ್ಗೆ 11 ಗಂಟೆಗೆ ಬಂದರೆ ಪೇಟೆಗೆಲ್ಲ ತಿಳಿಯುತ್ತದೆ.

ಈ ನಾಲ್ಕು ತಾಲ್ಲೂಕುಗಳಿಗೆ ದೂರದ ತೊಡಕೂ ಇದೆ. ಬೈಲಹೊಂಗಲದಿಂದ ಬೇರ್ಪಟ್ಟು ತಾಲ್ಲೂಕಾದ ಕಿತ್ತೂರು, ಬೆಳಗಾವಿ-ಧಾರವಾಡ ನಡುವಿನ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ರಾಮದುರ್ಗವಾದರೋ ಜಿಲ್ಲಾ ಕೇಂದ್ರದಿಂದ ಸುಮಾರು ನೂರು ಕಿ.ಮೀ. ದೂರ. ನುರಿತ ತಂತ್ರಜ್ಞ ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕಾದರೆ, ದೋಷ ಪತ್ತೆಯಾಗುವ ಮೊದಲೇ ಅರ್ಧ ದಿನ ಕಳೆದಿರುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿ ಉಕ್ಕಿ ರಾಮದುರ್ಗ ತಾಲ್ಲೂಕು ನೆರೆಗೆ ಸಿಲುಕಿತ್ತು. ಅಂತಹ ದಿನಗಳಲ್ಲಿ ರಸ್ತೆಯೇ ಇರುವುದಿಲ್ಲ. ದೂರದಿಂದಲೇ ನೋಡುವ, ಸರಿಪಡಿಸುವ ವ್ಯವಸ್ಥೆ ನಗರಗಳಿಗಿಂತ ಇಂತಹ ಊರುಗಳಿಗೇ ಹೆಚ್ಚು ಅಗತ್ಯ.

ನಿಗಾ ಹೇಗೆ ಕೆಲಸ ಮಾಡುತ್ತದೆ?

ಕಚೇರಿಯ ಒಂದು ಗಣಕಯಂತ್ರದಲ್ಲಿ ನಿಗಾ ತಂತ್ರಾಂಶವನ್ನು ಅಳವಡಿಸಲಾಗುತ್ತದೆ. ಅದು ಕೆಲವೇ ನಿಮಿಷಗಳಿಗೊಮ್ಮೆ ರೂಟರ್, ಸ್ವಿಚ್, ಸರ್ವರ್, ಪ್ರಿಂಟರ್, ಯುಪಿಎಸ್‌ಗಳನ್ನು 'ಇದ್ದೀಯಾ?' ಎಂದು ವಿಚಾರಿಸುತ್ತದೆ. ಎಷ್ಟು ಹೊತ್ತಿಗೆ ಉತ್ತರ ಬಂತು, ಎಷ್ಟು ಪ್ಯಾಕೆಟ್‌ಗಳು ದಾರಿಯಲ್ಲಿ ಕಳೆದುಹೋದವು, ಡಿಸ್ಕ್ ಎಷ್ಟು ತುಂಬಿದೆ, ಬ್ಯಾಟರಿ ಎಷ್ಟು ನಿಮಿಷ ತಾಳುತ್ತದೆ ಎಂಬುದನ್ನೆಲ್ಲ ದಾಖಲಿಸುತ್ತದೆ. ಇದಕ್ಕೆಂದೇ ಇರುವ ಎಸ್‌ಎನ್‌ಎಂಪಿ ಎಂಬ ಸಂವಹನ ನಿಯಮ 1988ರಿಂದಲೂ ಬಳಕೆಯಲ್ಲಿದೆ. ನ್ಯಾಗಿಯೋಸ್, ಜ್ಯಾಬಿಕ್ಸ್‌ನಂತಹ ಮುಕ್ತ ತಂತ್ರಾಂಶಗಳು ಉಚಿತವಾಗಿಯೇ ಲಭ್ಯ.

ಒಂದು ಲೆಕ್ಕ ನೋಡಬಹುದು. 500 ಜಿಬಿ ಡಿಸ್ಕಿನಲ್ಲಿ 400 ಜಿಬಿ ತುಂಬಿದೆ, ದಿನಕ್ಕೆ 2 ಜಿಬಿಯಂತೆ ಏರುತ್ತಿದೆ ಎಂದುಕೊಳ್ಳೋಣ. ಶೇ 80ಕ್ಕೆ ಮುಟ್ಟಿದ ಕೂಡಲೇ ಎಚ್ಚರಿಕೆ ಬಂದರೆ ಹೊಸ ಡಿಸ್ಕ್ ತರಲು 50 ದಿನ ಕೈಯಲ್ಲಿರುತ್ತವೆ. ಎಚ್ಚರಿಕೆ ಇಲ್ಲದಿದ್ದರೆ 51ನೆಯ ದಿನ ರಸೀದಿ ಮುದ್ರಣವೇ ನಿಲ್ಲಬಹುದು.

ನಿಗಾದ ಇನ್ನೊಂದು ಲಾಭವೆಂದರೆ 'ಸಾಮಾನ್ಯ ದಿನ' ಹೇಗಿರುತ್ತದೆ ಎಂಬ ತಿಳಿವಳಿಕೆ. ಸವದತ್ತಿ ಯಲ್ಲಮ್ಮನಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಲಕ್ಷಾಂತರ ಭಕ್ತರು ಸೇರುತ್ತಾರೆ. ಹಿಂದಿನ ವರ್ಷದ ಅಂಕಿಅಂಶ ಕೈಯಲ್ಲಿದ್ದರೆ ವಸತಿಗೃಹ, ಬ್ಯಾಂಕು, ಅಂಗಡಿಗಳು ಜಾತ್ರೆಗೆ ಮುನ್ನವೇ ಹೆಚ್ಚುವರಿ ಸಂಪರ್ಕಕ್ಕೆ ಏರ್ಪಾಡು ಮಾಡಿಕೊಳ್ಳಬಹುದು.

ಅಸಾಮಾನ್ಯ ದಟ್ಟಣೆಯನ್ನು ಗುರುತಿಸುವುದು ಎಷ್ಟು ಮುಖ್ಯ ಎಂಬುದಕ್ಕೆ ರಾಜ್ಯದಲ್ಲೇ ಉದಾಹರಣೆಯಿದೆ. ಆಸ್ತಿ ನೋಂದಣಿಗಾಗಿ 2023ರಲ್ಲಿ ಜಾರಿಗೆ ಬಂದ 'ಕಾವೇರಿ 2.0' ತಂತ್ರಾಂಶ 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಪದೇ ಪದೇ ಸ್ಥಗಿತಗೊಂಡು, ನೋಂದಣಿಗೆ ಬಂದ ಜನ ಬರಿಗೈಯಲ್ಲಿ ಮರಳಿದರು. ಅದು ಬರೀ ತಾಂತ್ರಿಕ ದೋಷವಲ್ಲ, ಸುಳ್ಳು ಕೋರಿಕೆಗಳ ಮಹಾಪೂರ ಹರಿಸಿ ಸೇವೆಯನ್ನೇ ಉಸಿರುಗಟ್ಟಿಸುವ ದಾಳಿ ಎಂಬುದು ಬಳಿಕ ಹೊರಬಂತು. ಒಂದು ಸಂದರ್ಭದಲ್ಲಿ 62 ಇ-ಮೇಲ್ ಖಾತೆಗಳಿಂದ ಎರಡೇ ಗಂಟೆಗಳಲ್ಲಿ 6.2 ಲಕ್ಷ ಕೋರಿಕೆಗಳು ಬಂದಿದ್ದವು.

ಸಜ್ಜುಗೊಳಿಸುವ ಕೆಲಸ ಯಂತ್ರಕ್ಕೆ

ಎರಡನೆಯ ಅಂಗ ಸ್ವಯಂಚಾಲಿತ ಸಜ್ಜಿಕೆ. ಸಂಸ್ಥೆಯೊಂದು ಹೊಸ ಶಾಖೆ ತೆರೆದಾಗ ಹತ್ತು ಗಣಕಯಂತ್ರಗಳಿಗೆ ಒಂದೊಂದಾಗಿ ತಂತ್ರಾಂಶ ಹಾಕುತ್ತ ಕೂತರೆ ದಿನಗಳು ಉರುಳುತ್ತವೆ. ಒಂದರಲ್ಲಿ ಕನ್ನಡ ಅಕ್ಷರ ಮೂಡದು, ಇನ್ನೊಂದರಲ್ಲಿ ಪ್ರಿಂಟರ್ ಓಡದು. ಇದರ ಬದಲು ಯಂತ್ರ ಹೇಗಿರಬೇಕೆಂಬ ವಿವರವನ್ನು ಒಮ್ಮೆ ಬರೆದಿಟ್ಟರೆ, ಹೊಸ ಯಂತ್ರಗಳು ನೆಟ್‌ವರ್ಕ್ ಮೂಲಕವೇ ಅದನ್ನು ಓದಿಕೊಂಡು ಒಂದೇ ಬಗೆಯಲ್ಲಿ ಸಿದ್ಧವಾಗುತ್ತವೆ. 2012ರಲ್ಲಿ ಬಂದ ಆನ್ಸಿಬಲ್ ಇಂತಹ ಕೆಲಸಕ್ಕೆ ಹೆಸರಾದ ಮುಕ್ತ ತಂತ್ರಾಂಶ. ನೌಕರ ಸೇರಿದ ದಿನ ಖಾತೆ ತೆರೆಯುವುದು, ವರ್ಗವಾದ ಅಥವಾ ಬಿಟ್ಟುಹೋದ ದಿನವೇ ಅದನ್ನು ಮುಚ್ಚುವುದು, ರಾತ್ರಿ ಪ್ರತಿ ತೆಗೆದಿಡುವುದು ಇವೂ ಈ ವ್ಯವಸ್ಥೆಗೆ ಸೇರುತ್ತವೆ.

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸಲು ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಬೆರಳೆಣಿಕೆಯ ಸಿಬ್ಬಂದಿಯಿಂದ ನಡೆಯುವ ಹಳ್ಳಿಯ ಸಂಘದಲ್ಲಿ ತಂತ್ರಜ್ಞನನ್ನು ನೇಮಿಸಲಾಗದು. ಹತ್ತಾರು ಸಂಘಗಳ ಯಂತ್ರಗಳನ್ನು ಒಂದೆಡೆಯಿಂದ ನೋಡಿಕೊಳ್ಳುವುದೇ ಅಲ್ಲಿ ಸಾಧ್ಯವಿರುವ ದಾರಿ.

ಅಪಾಯವೂ ಇದೆ

ಆದರೆ ಒಂದೇ ಕೀಲಿಯಿಂದ ಎಲ್ಲ ಬಾಗಿಲು ತೆರೆಯುವಂತಾದರೆ, ಆ ಕೀಲಿ ಕಳ್ಳನ ಕೈಗೆ ಸಿಕ್ಕಾಗ ಎಲ್ಲ ಬಾಗಿಲೂ ತೆರೆಯುತ್ತವೆ. 2024ರ ಜುಲೈ ಅಂತ್ಯದಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ವ್ಯವಸ್ಥೆಗೆ ರ‍್ಯಾನ್ಸಮ್‌ವೇರ್ ತಗುಲಿ, ಅದನ್ನು ಅವಲಂಬಿಸಿದ್ದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ಸ್ಥಗಿತಗೊಂಡಿತು. ಅವುಗಳಲ್ಲಿ ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳೇ ಹೆಚ್ಚು. ಸರಿಯಾಗಿ ಭದ್ರಪಡಿಸದ ಜೆಂಕಿನ್ಸ್ ಸರ್ವರ್ ಮೂಲಕ ದಾಳಿಕೋರರು ಒಳನುಗ್ಗಿದರು ಎಂದು ಸೈಬರ್ ಭದ್ರತಾ ಸಂಸ್ಥೆಯೊಂದು ವಿಶ್ಲೇಷಿಸಿತು. ಜೆಂಕಿನ್ಸ್ ಸ್ವತಃ ಸ್ವಯಂಚಾಲನೆಯ ಸಾಧನವೇ ಎಂಬುದು ಗಮನಾರ್ಹ.

ಅದಕ್ಕೂ ಹತ್ತಾರು ದಿನ ಮೊದಲು, ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದೇ ಒಂದು ದೋಷಪೂರಿತ ಪರಿಷ್ಕರಣೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತ್ತು. ಯಾವುದೇ ಬದಲಾವಣೆಯನ್ನು ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸಿ, ಬಳಿಕ ಉಳಿದವಕ್ಕೆ ಹಬ್ಬಿಸಬೇಕೆಂಬುದು ಅದರ ಪಾಠ.

ಎಲ್ಲಿಂದ ಆರಂಭಿಸಬೇಕು?

* ಕಚೇರಿಯಲ್ಲಿರುವ ಯಂತ್ರಗಳ ಪಟ್ಟಿ ಮಾಡಬೇಕು. ಏನಿದೆ ಎಂದು ತಿಳಿಯದೆ ನಿಗಾ ಸಾಧ್ಯವಿಲ್ಲ.
* ರೂಟರ್, ಸರ್ವರ್ ಡಿಸ್ಕ್, ಯುಪಿಎಸ್ ಬ್ಯಾಟರಿ ಈ ಮೂರನ್ನು ಮೊದಲು ನಿಗಾಕ್ಕೆ ಒಳಪಡಿಸಬೇಕು.
* ಮುಖ್ಯ ಕೇಬಲ್ ತುಂಡಾದಾಗ ಎಚ್ಚರಿಕೆ ಸಂದೇಶವೂ ಹೊರಹೋಗದು. ಆದ್ದರಿಂದ ಅದಕ್ಕೆ ಮೊಬೈಲ್ ಸಿಮ್‌ನ ಪ್ರತ್ಯೇಕ ದಾರಿ ಇರಬೇಕು.
* ಮುಖ್ಯವಾದ ಕೆಲವೇ ಎಚ್ಚರಿಕೆಗಳು ಫೋನಿಗೆ ಬರಲಿ. ದಿನಕ್ಕೆ ನೂರು ಸಂದೇಶ ಬಂದರೆ ಒಂದನ್ನೂ ಯಾರೂ ಓದುವುದಿಲ್ಲ.
* ನಿಗಾ ಮತ್ತು ಸಜ್ಜಿಕೆಯ ಯಂತ್ರಗಳಿಗೆ ಗಟ್ಟಿ ಗುಪ್ತಪದವಿರಲಿ, ಅವು ನೇರವಾಗಿ ಅಂತರ್ಜಾಲಕ್ಕೆ ತೆರೆದಿರದಿರಲಿ.

ಕೇಂದ್ರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೈಬರ್ ಘಟನೆಗಳನ್ನು ಸಂಸ್ಥೆಗಳು 6 ಗಂಟೆಯೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಕಾಪಾಡಬೇಕು. ನಿಗಾ ಇಲ್ಲದ ಸಂಸ್ಥೆಗೆ ಘಟನೆ ನಡೆದಿರುವುದೇ ತಿಳಿಯದು, ವರದಿ ಮಾಡುವುದಾದರೂ ಹೇಗೆ?

ಕಬ್ಬಿಣದ ಪೆಟ್ಟಿಗೆಗೆ ಬೀಗ ಹಾಕುವ ವ್ಯಾಪಾರಿ ರಾತ್ರಿ ಒಮ್ಮೆ ಅದನ್ನು ಎಳೆದು ನೋಡಿಯೇ ಮನೆಗೆ ಹೋಗುತ್ತಾನೆ. ಆತನ ಖಾತೆ-ಕಿರ್ದಿ ಈಗ ಗಣಕಯಂತ್ರದಲ್ಲಿದೆ. ಅದನ್ನೂ ಹಾಗೆಯೇ ನೋಡಿಕೊಳ್ಳುವ ರೂಢಿ ಬೆಳೆದರೆ, ಕಿಟಕಿಯ ಮುಂದೆ ನಿಂತ ರೈತ 'ನಾಳೆ ಬರ್ರಿ' ಎಂಬ ಮಾತನ್ನು ಕೇಳುವ ದಿನಗಳು ಕಡಿಮೆಯಾದಾವು.